ಹಳೇ ಕ್ಯಾಂಪರ್ ವ್ಯಾನ್ ಕೊಳ್ಳೋ ಮುಂಚೆ ಅದು ಹುಟ್ಟಿದ ವರ್ಷ ಕೇಳಿ

ಭಾಗ 1

ಲಂಡನ್‌ನ ಸ್ಟ್ರ್ಯಾಂಡ್ ರಸ್ತೆಯಲ್ಲಿ ಆಸ್ಟ್ರೇಲಿಯಾ ಹೌಸ್ ಅಂತ ಒಂದು ದೊಡ್ಡ ಕಲ್ಲಿನ ಕಟ್ಟಡ ಇದೆ. ಆ ದೇಶದ ಹೈಕಮಿಷನ್ ಕಚೇರಿ. 1960, 70ರ ದಶಕಗಳಲ್ಲಿ ಅದರ ಹೊರಗಿನ ರಸ್ತೆಬದಿಯೇ ಒಂದು ಸೆಕೆಂಡ್ ಹ್ಯಾಂಡ್ ಮಾರ್ಕೆಟ್ ಆಗಿತ್ತು. ಮಾರ್ತಾ ಇದ್ದದ್ದು ಒಳಗೆ ಹಾಸಿಗೆ, ಸ್ಟವ್ ಇರೋ ವ್ಯಾನ್‌ಗಳನ್ನ. ಮಾರೋರು ಯುರೋಪ್ ಸುತ್ತಿ ಮುಗಿಸಿ ಊರಿಗೆ ಹೊರಟ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹುಡುಗ ಹುಡುಗಿಯರು. ಕೊಳ್ಳೋರು ಅದೇ ದೇಶಗಳಿಂದ ಆಗಷ್ಟೇ ಬಂದಿಳಿದವರು. ಇಬ್ಬರೂ ಹೆಚ್ಚುಕಮ್ಮಿ ನಮ್ಮ ವಯಸ್ಸಿನವರೇ.

ಆ ಸಾಲಲ್ಲಿ ತುಂಬಾ ಕಾಣ್ತಿದ್ದದ್ದು ಫೋಕ್ಸ್‌ವ್ಯಾಗನ್. ರೀಲ್ಸ್‌ನಲ್ಲಿ ನೀವು ಲೈಕ್ ಒತ್ತೋ, ಮೂತಿ ಮೇಲೆ ದೊಡ್ಡ ದುಂಡು ಲೋಗೊ ಇರೋ ವ್ಯಾನ್ ಅದೇ. ಆಸ್ಟ್ರೇಲಿಯಾದವರ ಬಾಯಲ್ಲಿ ಅದರ ಹೆಸರು ಕೊಂಬಿ.

ಈಗ ನೀವೇ ಆ ಫುಟ್‌ಪಾತ್ ಮೇಲೆ ನಿಂತಿದ್ದೀರಿ ಅಂದ್ಕೊಳ್ಳಿ. ಜೇಬಲ್ಲಿರೋ ದುಡ್ಡೆಲ್ಲಾ ಇದಕ್ಕೇ ಹೋಗುತ್ತೆ. ಎದುರಿಗಿರೋನು ಮುಂದಿನ ವಾರ ಭೂಮಿಯ ಆ ಕಡೆ ಇರ್ತಾನೆ. ಗಾಡಿಗೆ ಹೊಸ ಪೇಂಟ್, ಕಿಟಕಿಗೆ ಹೂವಿನ ಕರ್ಟನ್. ಏನು ನೋಡ್ತೀರಾ?

ಭಾಗ 2

ಬಿಸಿನೆಸ್ ಲಾ ಪೇಪರ್ ಬರೆದವರಿಗೆ ಈ ಸೀನ್ ಗೊತ್ತು. ಕೇವಿಯಟ್ ಎಂಪ್ಟರ್, ಅಂದ್ರೆ ಕೊಳ್ಳೋನೇ ಜೋಪಾನ. ನಮ್ಮ 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್. ಅದಕ್ಕೆ ಮಾದರಿ ಬ್ರಿಟನ್ನಿನ 1893ರ ಕಾಯ್ದೆ, ಲಂಡನ್ ಫುಟ್‌ಪಾತ್‌ಗೆ ಲಾಗೂ ಆಗ್ತಿದ್ದದ್ದೂ ಅದೇ. ಮಾಲು ಒಳ್ಳೇ ಗುಣಮಟ್ಟದ್ದು ಇರಬೇಕು ಅನ್ನೋ ಷರತ್ತು ಆ ಮಾಲಿನ ವ್ಯಾಪಾರ ಮಾಡೋನಿಗೆ ಮಾತ್ರ. ಊರಿಗೆ ಹೊರಟ ಹುಡುಗ ವ್ಯಾಪಾರಿ ಅಲ್ಲ. ಅವನು ಬಾಯಿಬಿಟ್ಟು ಸುಳ್ಳು ಹೇಳದೇ ಸುಮ್ಮನಿದ್ರೆ ಸಾಕು, ಗಾಡಿ ಕೆಟ್ಟರೆ ನಿಮ್ಮ ಕರ್ಮ.

ಇದೇ ಹೊತ್ತಿಗೆ, 1970ರಲ್ಲಿ, ಜಾರ್ಜ್ ಅಕರ್ಲಾಫ್ ಅನ್ನೋ ಅಮೆರಿಕನ್ ಅರ್ಥಶಾಸ್ತ್ರಜ್ಞ ‘ದಿ ಮಾರ್ಕೆಟ್ ಫಾರ್ ಲೆಮನ್ಸ್’ ಅನ್ನೋ ಲೇಖನ ಬರೆದರು. ಲೆಮನ್ ಅಂದ್ರೆ ಅಲ್ಲಿನ ಆಡುಮಾತಲ್ಲಿ ಕೆಟ್ಟ ಕಾರು. ಹಳೇ ಕಾರಿನ ದೋಷ ಮಾರೋನಿಗೆ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳೋರು ಎಲ್ಲಾ ಗಾಡಿಗೂ ಸರಾಸರಿ ಬೆಲೆನೇ ಹೇಳ್ತಾರೆ. ಒಳ್ಳೇ ಗಾಡಿ ಇಟ್ಕೊಂಡೋನು ಅಷ್ಟಕ್ಕೆ ಕೊಡಲ್ಲ, ಮಾರ್ಕೆಟ್‌ನಲ್ಲಿ ಉಳಿಯೋದು ಲೆಮನ್‌ಗಳೇ. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು.

ಆದ್ರೆ ಈ ವ್ಯಾನ್ ವಿಷಯದಲ್ಲಿ ಕೊಳ್ಳೋನ ಕೈಯಲ್ಲೂ ಒಂದು ಆಯುಧ ಇದೆ. ಗಾಡಿ ಯಾವ ವರ್ಷದ್ದು ಅಂತ ಗೊತ್ತಾದ್ರೆ ಅದರ ಕಾಯಿಲೆ ಯಾವುದು ಅಂತಾನೂ ಅರ್ಧ ಗೊತ್ತಾದ ಹಾಗೆ. ಮುಂದಿನದೆಲ್ಲಾ ಆ ಕಾಯಿಲೆಗಳ ಇತಿಹಾಸ.

ಭಾಗ 3

1947. ಯುದ್ಧ ಮುಗಿದ ಜರ್ಮನಿ. ವುಲ್ಫ್ಸ್‌ಬರ್ಗ್ ಕಾರ್ಖಾನೆ ಬ್ರಿಟಿಷ್ ಸೇನೆಯ ಸುಪರ್ದಿಯಲ್ಲಿತ್ತು. ಒಳಗೆ ಸಾಮಾನು ಸಾಗಿಸೋಕೆ ಕೆಲಸಗಾರರು ಬೀಟಲ್ ಕಾರಿನ ಬಿಡಿಭಾಗಗಳಿಂದಲೇ ಒಂದು ಸಪಾಟು ಗಾಡಿ ಮಾಡ್ಕೊಂಡಿದ್ದರು. ಅದನ್ನ ನೋಡಿದ ಬೆನ್ ಪೊನ್ ಅನ್ನೋ ಡಚ್ ಕಾರು ವ್ಯಾಪಾರಿ ಏಪ್ರಿಲ್ 23ರಂದು ತನ್ನ ನೋಟ್‌ಬುಕ್ಕಿನಲ್ಲಿ ಒಂದು ಡಬ್ಬಿ ಥರದ ಚಿತ್ರ ಗೀಚಿದ. ಹಿಂದೆ ಎಂಜಿನ್, ಮುಂದೆ ಡ್ರೈವರ್, ಮಧ್ಯೆ ಸರಕು. 1950ರ ಮಾರ್ಚ್‌ನಲ್ಲಿ ಗಾಡಿ ಉತ್ಪಾದನೆ ಶುರು. ಮೊದಲ ಎಂಜಿನ್ 1131 ಸಿಸಿ, 25 ಅಶ್ವಶಕ್ತಿ. ಇವತ್ತಿನ ಕೆಲವು ಬೈಕ್‌ಗಳಿಗೆ ಇದಕ್ಕಿಂತ ಜಾಸ್ತಿ ಪವರ್ ಇದೆ!

ಗಮನಿಸಿ, ಇದು ಹುಟ್ಟಿದ್ದು ಸರಕು ಸಾಗಿಸೋಕೆ. 1951ರಲ್ಲಿ ವೆಸ್ಟ್‌ಫಾಲಿಯಾ ಅನ್ನೋ ಬೇರೆ ಕಂಪನಿ ‘ಕ್ಯಾಂಪಿಂಗ್ ಬಾಕ್ಸ್’ ತಂತು. ವಾರವೆಲ್ಲಾ ಅಂಗಡಿ ಸಾಮಾನು ಹೊರೋ ವ್ಯಾನಿಗೆ ಶನಿವಾರ ಒಂದು ಪೀಠೋಪಕರಣದ ಸೆಟ್ ಕೂರಿಸಿದ್ರೆ ಮನೆ, ಸೋಮವಾರ ತೆಗೆದ್ರೆ ಮತ್ತೆ ವ್ಯಾನ್. ಆಮೇಲೆ ಬ್ರಿಟನ್ನಿನಲ್ಲಿ ಡೆವನ್, ಡಾರ್ಮೊಬೈಲ್, ಡ್ಯಾನ್‌ಬರಿ ಅಂತ ಹೀಗೆ ಮನೆ ಕೂರಿಸೋ ಕಂಪನಿಗಳು ಬಂದವು. ತಾವೇ ಗ್ಯಾರೇಜಲ್ಲಿ ಗರಗಸ ಹಿಡಿದವರೂ ಬಹಳ ಜನ.

ಅಂದ್ರೆ ನೀವು ಕೊಳ್ಳೋದು ಎರಡು ವಸ್ತು. ಗಾಡಿ ಒಬ್ಬರದ್ದು, ಮನೆ ಇನ್ನೊಬ್ಬರದ್ದು. ಮನೆ ಕಟ್ಟಿದ್ದು ಯಾರು ಅಂತ ಕೇಳಿ. ಮೇಲೇಳೋ ರೂಫ್ ಇದ್ರೆ ತಗಡು ಕತ್ತರಿಸಿದ ಅಂಚನ್ನ ಕೈಯಿಂದ ಸವರಿ ನೋಡಿ, ಬಿರುಕು, ನೀರಿನ ಕಲೆ, ಕ್ಯಾನ್ವಾಸ್ ಬೂಷ್ಟು ಅಲ್ಲೇ ಸಿಗುತ್ತೆ. ರೂಫ್‌ನ ಲೋಹ ಕತ್ತರಿಸಿ ಮತ್ತೆ ಬಲ ಕೊಡದೇ ಬಿಟ್ಟಿದ್ರೆ ಆ ಗಾಡಿ ಬೇಡ.

ಭಾಗ 4

ತುಕ್ಕು. ನನ್ನ ಪ್ರಕಾರ ನೋಡಬೇಕಾದ್ದು ಮೊದಲು ಇದು, ಎಂಜಿನ್ ಆಮೇಲೆ.

ಲಾರಿಗೆ ಇರೋ ಹಾಗೆ ಇದಕ್ಕೆ ಬೇರೆಯಾಗಿ ಒಂದು ಗಟ್ಟಿ ಚಾಸಿ ಇಲ್ಲ. ಬಾಡಿ, ನೆಲ, ಅಡಿಪಟ್ಟಿ ಎಲ್ಲಾ ಒಟ್ಟಿಗೆ ವೆಲ್ಡ್ ಆಗಿ ಅದೇ ಭಾರ ಹೊರುತ್ತೆ. ಬಾಗಿಲ ಕೆಳಗಿನ ಅಡಿಪಟ್ಟಿ ನೋಡೋಕೆ ಒಂದೇ ತಗಡು, ಆದ್ರೆ ಒಳಗೆ ಪದರ ಪದರ ಇರೋ ಟೊಳ್ಳು ಪೆಟ್ಟಿಗೆ. ಯುರೋಪಿನಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗೋಕೆ ಉಪ್ಪು ಹಾಕ್ತಾರೆ. ಆ ಉಪ್ಪುನೀರು ಟೊಳ್ಳಿಗೆ ಹೋಗಿ ಒಳಗಿನಿಂದ ತಿನ್ನುತ್ತೆ. ಹೊರಗೆ ಕಾಣೋ ಹೊತ್ತಿಗೆ ಒಳಗೆ ಏನೂ ಉಳಿದಿರಲ್ಲ. ಇದಕ್ಕೇ ಉಪ್ಪು ಕಾಣದ ಕ್ಯಾಲಿಫೋರ್ನಿಯಾದ ಒಣ ಗಾಡಿಗಳನ್ನ ಬ್ರಿಟನ್ನಿನವರು ಹಡಗಲ್ಲಿ ತರಿಸ್ಕೊಳ್ತಾರೆ.

ಮಾರೋನು ಏನು ಮಾಡ್ತಾನೆ? ನಮ್ಮೂರ ಟಿಂಕರಿಂಗ್ ಶೆಡ್‌ಗಳಲ್ಲಿ ನೋಡಿದ್ದೀರಲ್ಲ, ತೂತಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಪೇಂಟ್. ಅಲ್ಲೂ ಅದೇ ಆಟ. ಪರೀಕ್ಷೆನೂ ಸಿಂಪಲ್. ಒಂದು ಚಿಕ್ಕ ಮ್ಯಾಗ್ನೆಟ್‌ಗೆ ತೆಳು ಬಟ್ಟೆ ಸುತ್ತಿ ಅಡಿಪಟ್ಟಿ, ಬಾಗಿಲ ತಳ, ಚಕ್ರದ ಕಮಾನು, ಮುಂದಿನ ಗಾಜಿನ ಕೆಳ ಅಂಚು, ಎಂಜಿನ್ ಪಕ್ಕದ ಬ್ಯಾಟರಿ ತಟ್ಟೆಯ ಮೇಲೆ ಇಡ್ತಾ ಹೋಗಿ. ಹಿಡಿಯದೇ ಜಾರಿತು ಅಂದ್ರೆ ಅಲ್ಲಿ ಇರೋದು ಲೋಹ ಅಲ್ಲ. ಆಮೇಲೆ ಕೆಳಗೆ ಮಲಗಿ ಜಾಕ್ ಕೊಡೋ ಜಾಗ ನೋಡಿ. ‘ಅಯ್ಯೋ, ಕೆಳಗೆಲ್ಲಾ ಕಪ್ಪು ಕೋಟಿಂಗ್ ಹೊಡೆಸಿದ್ದೀನಿ’ ಅಂತ ಹೆಮ್ಮೆಯಿಂದ ಹೇಳಿದ್ರೆ ಇನ್ನೂ ಹುಷಾರು. ಏನನ್ನ ಮುಚ್ಚೋಕೆ?

ಹಳೇ ಮಾಡೆಲ್‌ನಲ್ಲಿ ಎಂಜಿನ್ ಗೇರ್‌ಬಾಕ್ಸ್‌ಗೆ ನಾಲ್ಕೇ ಬೋಲ್ಟ್‌ನಲ್ಲಿ ನಿಂತಿರುತ್ತೆ, ಬಿಚ್ಚಿ ಬೇರೆ ಹಾಕಬಹುದು. ಕೊಳೆತ ಬಾಡಿಗೆ ತಿಂಗಳುಗಟ್ಟಲೆ ವೆಲ್ಡಿಂಗ್, ಖರ್ಚಿಗೆ ತಳವೇ ಇಲ್ಲ.

ಭಾಗ 5

ಎಂಜಿನ್‌ಗೆ ಬರೋಣ. ಇದು ಗಾಳಿಯಿಂದ ತಣ್ಣಗಾಗೋ ಎಂಜಿನ್, ರೇಡಿಯೇಟರ್ ಇಲ್ಲ. ನಾಲ್ಕು ಸಿಲಿಂಡರ್‌ಗೆ ಒಂದು ಫ್ಯಾನ್ ಗಾಳಿ ಊದುತ್ತೆ. ಆದ್ರೆ ಶುರುವಿನ ವಿನ್ಯಾಸದಲ್ಲಿ ಆಯಿಲ್ ಕೂಲರನ್ನ ಫ್ಯಾನ್ ಪೆಟ್ಟಿಗೆಯ ಒಳಗೇ, ಮೂರನೇ ಸಿಲಿಂಡರ್‌ಗೆ ಹೋಗೋ ಗಾಳಿಗೆ ಅಡ್ಡ ಇಟ್ಟಿದ್ದರು. ಹಾಗಾಗಿ ಮೂರನೇದು ಯಾವಾಗ್ಲೂ ಹೆಚ್ಚು ಬಿಸಿ, ವಾಲ್ವ್ ಸುಡೋದೂ ಅಲ್ಲೇ ಮೊದಲು. 1971ರ ಮಾಡೆಲ್‌ನಲ್ಲಿ ಕೂಲರನ್ನ ಪಕ್ಕದ ಪುಟ್ಟ ಗೂಡಿಗೆ ಸರಿಸಿದರು. ಅದಕ್ಕೆ ನಾಯಿಗೂಡು, ಅಂದ್ರೆ ಡಾಗ್‌ಹೌಸ್ ಅಂತಲೇ ಹೆಸರು. 1960ರ ದಶಕದ ಗಾಡಿ ಆದ್ರೆ ನಾಲ್ಕೂ ಸಿಲಿಂಡರ್‌ನ ಕಂಪ್ರೆಷನ್ ಅಳೆಸಿ, ಮೂರನೇ ನಂಬರ್ ಎಷ್ಟು ಅಂತ ನೋಡಿ. ಎಂಜಿನ್ ಸುತ್ತಲಿನ ತಗಡು, ರಬ್ಬರ್ ಸೀಲ್ ಇದೆಯಾ ಅಂತಾನೂ ನೋಡಿ. ಇಲ್ಲದಿದ್ರೆ ಬಿಸಿ ಗಾಳಿಯನ್ನೇ ಮತ್ತೆ ಎಳ್ಕೊಳುತ್ತೆ.

ಇನ್ನೊಂದು ಪರೀಕ್ಷೆಗೆ ದುಡ್ಡು, ಸ್ಪ್ಯಾನರ್ ಏನೂ ಬೇಡ. ಎಂಜಿನ್ ಆಫ್ ಮಾಡಿಸಿ, ಕೆಳಗಿನ ದೊಡ್ಡ ಪುಲ್ಲಿ ಹಿಡಿದು ಹಿಂದಕ್ಕೆ ಮುಂದಕ್ಕೆ ಎಳೆದು ನೂಕಿ. ಕ್ರ್ಯಾಂಕ್‌ಶಾಫ್ಟ್ ಆಡೋ ಮಿತಿ 0.15 ಮಿಲಿಮೀಟರ್. ಅಂದ್ರೆ ಕೈಗೆ ಗೊತ್ತೇ ಆಗಬಾರದು. ‘ಟಕ್ ಟಕ್’ ಅಂತ ಬಡಿದ್ರೆ ಎಂಜಿನ್ ಬಿಚ್ಚೋ ಕಾಲ ಬಂದಿದೆ.

ಇಂಧನದ ಪೈಪ್‌ಗಳನ್ನ ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. ಬಿಸಿ ಎಂಜಿನ್ ಮೇಲೆಯೇ ಪೆಟ್ರೋಲ್ ರಬ್ಬರ್ ಪೈಪ್ ಹೋಗಿರುತ್ತೆ. ಎಥನಾಲ್ ಬೆರೆಸಿದ ಪೆಟ್ರೋಲ್ ಹಳೇ ರಬ್ಬರನ್ನ ಬೇಗ ಹಾಳು ಮಾಡುತ್ತೆ. ನಮ್ಮಲ್ಲಿ ಇ20 ಬಗ್ಗೆ ಜಗಳ ಕೇಳಿದ್ದೀರಲ್ಲ, ಬ್ರಿಟನ್ನಿನಲ್ಲಿ 2021ರಿಂದ ಇ10 ಮಾಮೂಲಿ ಪೆಟ್ರೋಲ್. ಪೈಪ್ ಬಿರಿದು ಒಂದು ಸಲ ಹೊತ್ಕೊಂಡ್ರೆ, ಆ ಎಂಜಿನ್‌ನ ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು. ಮೆಗ್ನೀಸಿಯಂ ಬೆಂಕಿಗೆ ನೀರು ಹಾಕಿದ್ರೆ ಇನ್ನೂ ಜೋರಾಗುತ್ತೆ. ಗಾಡಿ ಕೊಂಡ ದಿನವೇ ಪೈಪ್, ಕ್ಲಿಪ್ ಎಲ್ಲಾ ಹೊಸದು ಹಾಕಿಸಿ. ಕಡಿಮೆ ದುಡ್ಡಿನ ಕೆಲಸ.

ಭಾಗ 6

ಇದು ಚಿಕ್ಕದು, ಆದ್ರೆ ಸ್ಕಿಪ್ ಮಾಡ್ಬೇಡಿ.

ರೇಡಿಯೇಟರ್ ಇಲ್ಲದ ಗಾಡಿಗೆ ಹೀಟರ್ ಹೇಗೆ? ಎಗ್ಸಾಸ್ಟ್ ಪೈಪ್ ಸುತ್ತ ಒಂದು ತಗಡಿನ ಕೋಟೆ ಮಾಡಿ, ಅದರೊಳಗೆ ಗಾಳಿ ಬಿಸಿ ಮಾಡಿ, ಕೊಳವೆಯಲ್ಲಿ ಮುಂದಕ್ಕೆ ಕಳಿಸ್ತಾರೆ. ಒಳಗಿನ ಎಗ್ಸಾಸ್ಟ್ ಪೈಪ್ ತುಕ್ಕು ಹಿಡಿದು ತೂತಾದ್ರೆ ಹೊಗೆ ಸೀದಾ ನೀವು ಕೂತ ಜಾಗಕ್ಕೆ. ಅದರಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ನಿದ್ದೆ, ಆಮೇಲೆ ಏಳೋದೇ ಇಲ್ಲ.

ಒಳಗಿನ ಗ್ಯಾಸ್ ಸ್ಟವ್‌ದೂ ಇದೇ ಕಥೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲಿ ನಿಲ್ಲುತ್ತೆ. ಅದಕ್ಕೇ ಸಿಲಿಂಡರ್ ಇಡೋ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಇರಲೇಬೇಕು. ನಮ್ಮ ಮನೆ ಸಿಲಿಂಡರಿನ ಕಿತ್ತಳೆ ಪೈಪಿನ ಮೇಲೆ ಅವಧಿ ಅಚ್ಚಾಗಿರೋ ಹಾಗೆ ಇದರ ಪೈಪಿಗೂ ತಾರೀಖು ಇರುತ್ತೆ, ಓದಿ. ಮಲಗೋ ಜಾಗದಲ್ಲಿ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿ. ಅಪ್‌ಗ್ರೇಡ್ ಅಂದ್ರೆ ನನ್ನ ಲಿಸ್ಟ್‌ನಲ್ಲಿ ಮೊದಲನೇದು ಇದೇ.

ಭಾಗ 7

ಉಳಿದ ವರ್ಷಗಳನ್ನ ಬೇಗ ಮುಗಿಸ್ತೀನಿ. 1966ಕ್ಕೂ ಹಿಂದಿನ ಗಾಡಿಗಳಲ್ಲಿ ಸಾಮಾನ್ಯವಾಗಿ 6 ವೋಲ್ಟ್ ವೈರಿಂಗ್, ಹೆಡ್‌ಲೈಟ್ ಮಿಣುಕು ದೀಪ. ಅದನ್ನ 12 ವೋಲ್ಟ್‌ಗೆ ಬದಲಾಯಿಸಿದ್ರೆ ಅದು ಒಳ್ಳೇ ಅಪ್‌ಗ್ರೇಡ್, ಕೆಲಸ ಮಾಡಿದ್ದು ಯಾರು ಅಂತ ಕೇಳಿ. 1967ರಲ್ಲಿ ಎರಡು ತುಂಡಿನ ಮುಂಗಾಜು ಹೋಗಿ ಒಂದೇ ದೊಡ್ಡ ಬಾಗಿದ ಗಾಜು ಬಂತು, ಹಿಂದಿನ ಆಕ್ಸಲ್ ಸುಧಾರಿಸಿತು. 1970ರ ಆಗಸ್ಟ್‌ನಿಂದ ಮುಂದೆ ಡಿಸ್ಕ್ ಬ್ರೇಕ್. ಅದಕ್ಕೂ ಹಳೇದು ಆದ್ರೆ ನಾಲ್ಕೂ ಡ್ರಮ್, ಘಾಟಿ ಇಳಿಯುವಾಗ ನೆನಪಿರಲಿ. 1979ರಲ್ಲಿ ಚೌಕ ಮೂತಿಯ ಮೂರನೇ ಪೀಳಿಗೆ, 1982ರ ಕೊನೆಗೆ ಅದಕ್ಕೆ ನೀರಿನಿಂದ ತಣ್ಣಗಾಗೋ ಎಂಜಿನ್. ಹಳೇ ಕಾಯಿಲೆ ಹೋಗಿ ಹೊಸದು ಬಂತು. ತಪ್ಪು ಕೂಲೆಂಟ್ ಹಾಕಿದವರ ಗಾಡಿಗಳಲ್ಲಿ ಸಿಲಿಂಡರ್ ಹೆಡ್ ಕೊರೆದು ನೀರು ಸೋರೋದು. ಅದರ ಕೆಳಗೆ ಹನಿ ಇದೆಯಾ ನೋಡಿ. ಬ್ರೆಜಿಲ್‌ನಲ್ಲಿ ಮಾತ್ರ ಹಳೇ ಆಕಾರದ್ದೇ 2013ರವರೆಗೂ ತಯಾರಾಯ್ತು. 2014ರಿಂದ ಏರ್‌ಬ್ಯಾಗ್, ಎಬಿಎಸ್ ಕಡ್ಡಾಯ ಆದಾಗ ನಿಂತಿತು.

ಅಪ್‌ಗ್ರೇಡ್‌ಗೆ ದುಡ್ಡು ಇದ್ರೆ ಬ್ರೇಕ್, ಸೀಟ್ ಬೆಲ್ಟ್, ಟೈರ್ ಮೊದಲು. ಟೈರ್ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತೆ, 2319 ಅಂದ್ರೆ 2019ನೇ ಇಸವಿಯ 23ನೇ ವಾರ. ಗುಂಡಿ ಆಳ ಇದ್ರೂ ವಯಸ್ಸಾದ ಟೈರ್ ಬೇಡ, ಕಾರಿನ ಟೈರೂ ಬೇಡ, ಭಾರ ಹೊರೋ ವ್ಯಾನ್ ಟೈರೇ ಬೇಕು. ಆಮೇಲೆ ಮನೆಯ ದೀಪ, ಫ್ರಿಜ್‌ಗೆ ಎರಡನೇ ಬ್ಯಾಟರಿ. ಮೊದಲಿನದು ಖಾಲಿಯಾಗದ ಹಾಗೆ ಮಧ್ಯೆ ರಿಲೇ, ಪ್ರತಿ ವೈರಿಗೂ ಫ್ಯೂಸ್. ಕರ್ಟನ್ ಕೊನೆಗೆ.

ನಮ್ಮ ಡಿಪ್ರಿಸಿಯೇಷನ್ ಲೆಕ್ಕದ ಪ್ರಕಾರ ಈ ಗಾಡಿಗಳ ಬೆಲೆ ಇಷ್ಟೊತ್ತಿಗೆ ಹೆಚ್ಚುಕಮ್ಮಿ ಸೊನ್ನೆ ಆಗಿರಬೇಕಿತ್ತು. ಆದ್ರೆ 2011ರಲ್ಲಿ ಅಮೆರಿಕದ ಒಂದು ಹರಾಜಿನಲ್ಲಿ 1963ರ, 23 ಕಿಟಕಿಯ ಒಂದು ವ್ಯಾನ್ 2 ಲಕ್ಷ ಡಾಲರ್ ದಾಟಿತು. ಬೆಲೆ ಏರಿದ ಮೇಲೆ ಮೋಸವೂ ಬದಲಾಯ್ತು. ಫುಟ್‌ಪಾತ್ ಕಾಲದಲ್ಲಿ ತುಕ್ಕು ಮುಚ್ಚಿಡ್ತಿದ್ದರು, ಈಗ ಗುರುತನ್ನೇ ಬದಲಿಸ್ತಾರೆ, ಸಾದಾ ವ್ಯಾನನ್ನ ಬೆಲೆಬಾಳೋ ಮಾಡೆಲ್ ಅಂತ ತೋರಿಸ್ತಾರೆ. 1967ರ ನಂತರದ ಗಾಡಿಗಳಲ್ಲಿ ಮುಂದಿನ ಸೀಟಿನ ಹಿಂಭಾಗದಲ್ಲಿ ಅಂಕಿಗಳ ಒಂದು ಪುಟ್ಟ ತಗಡಿನ ಫಲಕ ಇರುತ್ತೆ. ಕಾರ್ಖಾನೆಯಲ್ಲಿ ಹಾಕಿದ ಬಣ್ಣ, ಮಾಡೆಲ್, ಯಾವ ದೇಶಕ್ಕೆ ಕಳಿಸಿದ್ದು ಎಲ್ಲಾ ಅದರಲ್ಲಿ ಕೋಡ್‌ನಲ್ಲಿದೆ. ಅದನ್ನ, ಎಂಜಿನ್ ಗೂಡಿನಲ್ಲಿ ಬಾಡಿಗೇ ಕೊರೆದ ಚಾಸಿ ನಂಬರನ್ನ, ಕೈಯಲ್ಲಿರೋ ಪೇಪರನ್ನ ಪಕ್ಕ ಪಕ್ಕ ಇಟ್ಟು ಓದಿ. ‘ಪೇಂಟ್ ಮಾಡುವಾಗ ಆ ಫಲಕ ಎಲ್ಲೋ ಕಳೆದುಹೋಯ್ತು’ ಅಂದ್ರೆ ಅಡ್ವಾನ್ಸ್ ಕೊಡದೇ ಎದ್ದು ಬನ್ನಿ.