ಬೆಂಗಳೂರಿನ ಪರಿಷೆ, ಕರಗ, ಚಿತ್ರಸಂತೆ: ಒಂದು ದಿನ ಹೋಗಿ ಬರೋರಿಗೆ ಮಾಹಿತಿ

ಕೋಲಾರ: ಅಂಗಡಿ ಬಾಗಿಲು ಹಾಕಿ ಬೆಂಗಳೂರಿಗೆ ಹೋಗೋದು ಅಂದ್ರೆ ಒಂದು ದಿನದ ವ್ಯಾಪಾರ ಬಿಟ್ಟಂತೆ. ಹಾಗೆ ಹೋದವರು ಮಾಲ್ ಸುತ್ತಿ ಜೇಬು ಖಾಲಿ ಮಾಡಿಕೊಂಡು ಬರೋದೇ ಹೆಚ್ಚು. ಆದರೆ ಬೆಂಗಳೂರಿನ ದೊಡ್ಡ ಹಬ್ಬಗಳೆಲ್ಲ ಬೀದಿಯಲ್ಲೇ ನಡೆಯುತ್ತವೆ. ಹೆಚ್ಚಿನವಕ್ಕೆ ಟಿಕೆಟ್ಟೇ ಇಲ್ಲ. ಯಾವುದು ಯಾವಾಗ, ಎಲ್ಲಿ, ಹೇಗೆ ಹೋಗಬೇಕು ಅನ್ನೋ ವಿವರ ಇಲ್ಲಿದೆ.

ಹೋಗೋದು ಹೇಗೆ?

ಕೋಲಾರದ ಬಸ್ಸಾಗಲಿ, ಬಂಗಾರಪೇಟೆ, ಮಾಲೂರು ಕಡೆಯ ರೈಲಾಗಲಿ, ಕೆ.ಆರ್.ಪುರದಲ್ಲಿ ಇಳಿದರೆ ಟ್ರಾಫಿಕ್ ತಪ್ಪುತ್ತೆ. ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದು ಮೆಜೆಸ್ಟಿಕ್‌ಗೆ ಬನ್ನಿ. ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಚಿಕ್ಕಪೇಟೆ, ಕೆ.ಆರ್.ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ಸಾಲಾಗಿ ಸಿಗುತ್ತವೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಸರ್ಕಾರಿ ಬಸ್ಸಿಗೆ ಮಾತ್ರ. ಮೆಟ್ರೊದಲ್ಲಿ ಹೆಣ್ಣುಮಕ್ಕಳಿಗೂ ಟಿಕೆಟ್ ಬೇಕು.

ಕಡಲೆಕಾಯಿ ಪರಿಷೆ

ಕಾರ್ತಿಕ ಮಾಸದ ಕೊನೆಯ ಸೋಮವಾರ, ಬಸವನಗುಡಿಯ ದೊಡ್ಡ ಗಣಪತಿ, ದೊಡ್ಡ ಬಸವಣ್ಣನ ಗುಡಿ ಮುಂದೆ. ನ್ಯಾಷನಲ್ ಕಾಲೇಜು ಸ್ಟೇಷನ್ನಿಂದ ನಡೆದೇ ಹೋಗಬಹುದು. ಸುಂಕೇನಹಳ್ಳಿ ರೈತರ ಕಡಲೆಕಾಯಿಯನ್ನ ಬಸವ ತಿಂದುಹೋಗ್ತಿತ್ತು, ಕೊನೆಗೆ ರೈತರು ಮೊದಲ ಫಸಲನ್ನ ಅವನಿಗೇ ಒಪ್ಪಿಸೋಕೆ ಶುರು ಮಾಡಿದರು ಅನ್ನೋದು ಪ್ರತೀತಿ.

ಹಬ್ಬ ಸೋಮವಾರದ್ದಾದರೂ ವ್ಯಾಪಾರ ಹಿಂದೆ ಮುಂದೆ ಕೆಲವು ದಿನ ಇರುತ್ತೆ. ಜನಜಂಗುಳಿ ಬೇಡ ಅನ್ನೋರು ಬೇರೆ ದಿನ ಬೆಳಗ್ಗೆಯೇ ಹೋಗಿ. ಹಸಿ, ಹುರಿದ, ಬೇಯಿಸಿದ ಕಾಯಿ ಸೇರಿನ ಲೆಕ್ಕದಲ್ಲಿ ಸಿಗುತ್ತೆ. ಒಂದೇ ಕಡೆ ಕೊಳ್ಳದೆ ಎರಡು ಮೂರು ರಾಶಿ ನೋಡಿ, ಒಂದೆರಡು ಕಾಯಿ ಒಡೆದು ಬೀಜ ತುಂಬಿದೆಯಾ ಅಂತ ನೋಡಿ ತಗೊಳ್ಳಿ. ಚೌಕಾಸಿ ಮಾಡಿ, ಆದರೆ ಒಂದು ಮಾತು ನೆನಪಿರಲಿ. ಅಲ್ಲಿ ಮಾರೋಕೆ ಕೂತವರಲ್ಲಿ ಶ್ರೀನಿವಾಸಪುರ, ಚಿಂತಾಮಣಿ ಕಡೆಯವರೂ ಇರ್ತಾರೆ. ಚಳಿಯಲ್ಲಿ ಫುಟ್‌ಪಾತ್ ಮೇಲೆ ಮೂಟೆ ಪಕ್ಕದಲ್ಲೇ ಮಲಗಿ ವ್ಯಾಪಾರ ಮಾಡ್ತಾರೆ. ಊರಲ್ಲಿ ನಾವು ಕೊಡೋ ಗೌರವವನ್ನ ಅಲ್ಲೂ ಕೊಡೋಣ. ಪ್ಲಾಸ್ಟಿಕ್ ಕವರ್ ಕೇಳಬೇಡಿ, ಮನೆಯಿಂದ ಕೈಚೀಲ ತಗೊಂಡು ಹೋಗಿ.

ಕರಗ

ಚೈತ್ರ ಹುಣ್ಣಿಮೆ ರಾತ್ರಿ, ತಿಗಳರಪೇಟೆ ಧರ್ಮರಾಯಸ್ವಾಮಿ ದೇವಸ್ಥಾನ. ನಮ್ಮ ಕಡೆಯೂ ಕರಗ ಇರೋದರಿಂದ ದ್ರೌಪದಮ್ಮನ ಕಥೆ ಹೊಸದಾಗಿ ಹೇಳಬೇಕಿಲ್ಲ. ಬೆಂಗಳೂರು ಕರಗದಲ್ಲಿ ನೋಡಲೇಬೇಕಾದ್ದು ಎರಡು. ಒಂದು, ಕತ್ತಿ ಹಿಡಿದ ವೀರಕುಮಾರರ ಸಾಲು. ಇನ್ನೊಂದು, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಕರಗ ಭೇಟಿ ಕೊಡೋ ಗಳಿಗೆ. ತಲೆಮಾರುಗಳಿಂದ ನಡೆದುಬಂದ ಪದ್ಧತಿ ಅದು.

ಕರಗ ಹೊರಡೋದು ಮಧ್ಯರಾತ್ರಿ ನಂತರ. ಅಷ್ಟರಲ್ಲಿ ಮೆಟ್ರೊ ನಿಂತಿರುತ್ತೆ. ಹಾಗಾಗಿ ಬೆಳಗಿನ ತನಕ ಇರೋ ತಯಾರಿ ಇದ್ದರೆ ಮಾತ್ರ ಹೋಗಿ. ಪೇಟೆ ಗಲ್ಲಿಗಳು ಕಿರಿದು, ನೂಕುನುಗ್ಗಲು ಜಾಸ್ತಿ. ಚಿಕ್ಕ ಮಕ್ಕಳನ್ನ ಕರ್ಕೊಂಡು ಹೋಗದಿರೋದೇ ಒಳ್ಳೇದು. ಕರಗ ಹೊತ್ತವರ ದಾರಿಗೆ ಅಡ್ಡ ನಿಂತು ಮೊಬೈಲ್ ಹಿಡಿಯಬೇಡಿ.

ಚಿತ್ರಸಂತೆ

ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸ್ತಿರೋ ಸಂತೆ. ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ. ದಿನಾಂಕ ಪತ್ರಿಕೆಗಳಲ್ಲಿ ಮೊದಲೇ ಬರುತ್ತೆ. ಜಾಗ ಶಿವಾನಂದ ಸರ್ಕಲ್ ಹತ್ತಿರ. ಆ ದಿನ ರಸ್ತೆಗೆ ವಾಹನ ಬಿಡಲ್ಲ, ಪ್ರವೇಶ ಉಚಿತ. ಕಲಾವಿದರೇ ನಿಂತು ಮಾರ್ತಾರೆ. ನೂರಿನ್ನೂರು ರೂಪಾಯಿ ಚಿತ್ರದಿಂದ ಲಕ್ಷದ ಚಿತ್ರದವರೆಗೂ ಇರುತ್ತೆ. ಕೊಳ್ಳದಿದ್ದರೂ ನೋಡಬಹುದು, ಮಾತಾಡಿಸಬಹುದು. ಚಿತ್ರ ಬಿಡಿಸೋ ಮಕ್ಕಳಿದ್ದರೆ ಕರ್ಕೊಂಡು ಹೋಗಲೇಬೇಕಾದ ಜಾಗ ಇದು. ಚಿತ್ರದ ಫೋಟೊ ತೆಗೆಯೋ ಮುಂಚೆ ಕೇಳಿ.

ಉಳಿದವು

* ಶ್ರೀರಾಮನವಮಿ ಸಂಗೀತೋತ್ಸವ: ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನ. 1939ರಿಂದ ನಡೆದುಬಂದಿದೆ. ಕೆ.ಆರ್.ಮಾರುಕಟ್ಟೆ ಮೆಟ್ರೊ ಹತ್ತಿರ.
* ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ: ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಆಸುಪಾಸು. ಟಿಕೆಟ್ ಇದೆ. ರಜಾ ದಿನ ತಪ್ಪಿಸಿ, ವಾರದ ನಡುವೆ ಹೋಗಿ.
* ರಂಗಶಂಕರ: ಶಂಕರ್‌ನಾಗ್ ನೆನಪಿಗೆ 2004ರಲ್ಲಿ ಜೆ.ಪಿ.ನಗರದಲ್ಲಿ ಶುರುವಾದ ನಾಟಕ ಮಂದಿರ. ತಡವಾಗಿ ಹೋದರೆ ಒಳಗೆ ಬಿಡಲ್ಲ. ರಾತ್ರಿ ನಾಟಕ ಮುಗಿಸಿ ಊರಿಗೆ ವಾಪಸ್ ಬರೋದು ಕಷ್ಟ. ಮಧ್ಯಾಹ್ನದ ಪ್ರದರ್ಶನ ಇದೆಯಾ ನೋಡಿಕೊಳ್ಳಿ.

ಗಮನಕ್ಕೆ

ಪರಿಷೆ, ಕರಗ, ರಾಮನವಮಿ ಮೂರೂ ಪಂಚಾಂಗದ ಲೆಕ್ಕ. ವರ್ಷ ವರ್ಷ ದಿನಾಂಕ ಬದಲಾಗುತ್ತೆ, ಅಂಗಡಿಯ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ. ಜನಸಂದಣಿಯಲ್ಲಿ ಮೊಬೈಲ್, ಪರ್ಸ್ ಹಿಂದಿನ ಜೇಬಲ್ಲಿ ಇಡಬೇಡಿ. ಚಿಲ್ಲರೆ ಬೇರೆ ಇಟ್ಟುಕೊಳ್ಳಿ. ಜೊತೆಗೆ ಮಕ್ಕಳಿದ್ದರೆ ಮನೆಯವರ ಫೋನ್ ನಂಬರನ್ನ ಚೀಟಿಯಲ್ಲಿ ಬರೆದು ಅವರ ಜೇಬಿಗೆ ಹಾಕಿ. ವಾಪಸ್ ಬರೋ ಕೊನೇ ಬಸ್ಸಿನ ಸಮಯವನ್ನ ಹೊರಡೋ ಮೊದಲೇ ಸ್ಟ್ಯಾಂಡಿನಲ್ಲಿ ವಿಚಾರಿಸಿಕೊಳ್ಳಿ.