ಬೇಸ್ ಬಾಕ್ಸಿನ ತೂತಿಗೂ ಒಂದು ಇತಿಹಾಸ ಇದೆ

ನಳದ ಕೆಳಗೆ ಕೊಡ ಇಟ್ಟು ಅಡುಗೆಮನೆಯಲ್ಲಿ ಕೂತಿದ್ದರೂ ಕೊಡ ತುಂಬಿತು ಅನ್ನುವುದು ಕಿವಿಗೆ ಗೊತ್ತಾಗುತ್ತದೆ. ನೀರು ಏರಿದಂತೆ ಒಳಗಿನ ಗಾಳಿಗೆ ಜಾಗ ಕಡಿಮೆಯಾಗುತ್ತದೆ, ಸದ್ದು ತೆಳ್ಳಗಾಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಟ್ರ್ಯಾಕ್ಟರಿಗೂ ಗಣಪತಿ ಮೆರವಣಿಗೆಗೂ ಕಟ್ಟುವ ಬೇಸ್ ಬಾಕ್ಸಿನ ತೂತು ನಡೆಯುವುದೂ ಇದೇ ಕೊಡದ ಲೆಕ್ಕದ ಮೇಲೆ.

ಈ ಲೆಕ್ಕವನ್ನು ಶಾಸ್ತ್ರವಾಗಿ ಬರೆದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ನಾದದ ಬಗ್ಗೆ ಅವರ ದೊಡ್ಡ ಪುಸ್ತಕ 1863ರಲ್ಲಿ ಬಂತು. ಹೊಟ್ಟೆ ದೊಡ್ಡದಾದರೆ ದನಿ ಇಳಿಯುತ್ತದೆ, ಕುತ್ತಿಗೆ ಉದ್ದವಾದರೂ ಇಳಿಯುತ್ತದೆ, ಬಾಯಿ ಅಗಲವಾದರೆ ಏರುತ್ತದೆ.

ಅದನ್ನು ಸ್ಪೀಕರಿಗೆ ತಂದವರು ಅಮೆರಿಕದ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ತುರಾಸ್. 1930ರಲ್ಲಿ ಅರ್ಜಿ ಹಾಕಿ 1932ರಲ್ಲಿ ಪೇಟೆಂಟ್ ಪಡೆದರು. ಸ್ಪೀಕರಿನ ಕೋನ್ ಮುಂದೆ ತಳ್ಳಿದಷ್ಟೇ ಸದ್ದನ್ನು ಹಿಂದಕ್ಕೂ ತಳ್ಳುತ್ತದೆ. ಬಾಕ್ಸ್ ಪೂರ್ತಿ ಮುಚ್ಚಿದರೆ ಆ ಹಿಂದಿನ ಸದ್ದು ಒಳಗೇ ಸಾಯುತ್ತದೆ. ಅಳತೆಯ ತೂತು ಕೊಟ್ಟರೆ ಅದೇ ಸದ್ದು ಮುಂದಿನದಕ್ಕೆ ಕೈಗೂಡಿಸುತ್ತದೆ. ಆಗ ನಮ್ಮ ಈ ತಾಲ್ಲೂಕುಗಳು ನಿಜಾಮರ ರಾಜ್ಯದಲ್ಲಿದ್ದವು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ಬಂದದ್ದು 1934ರಲ್ಲಿ.

ತೂತಿನ ಅಳತೆ ಮಾತ್ರ ಮುಂದೆ ಮೂವತ್ತು ವರ್ಷ ಬಹುಪಾಲು ಅಂದಾಜಿನಲ್ಲೇ ನಡೆಯಿತು. ಕೊರೆದು ನೋಡು, ಕೇಳಿ ನೋಡು. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಇದಕ್ಕೆ ಗಟ್ಟಿ ಗಣಿತ ಕೊಟ್ಟರು. ಇಂದು ಸ್ಪೀಕರಿನ ಜತೆ ಬರುವ ಚೀಟಿಯಲ್ಲಿರುವ ಅಂಕಿಗಳಿಗೆ 'ಥೀಲ್–ಸ್ಮಾಲ್' ಅನ್ನುವ ಹೆಸರು ಇವರಿಂದಲೇ ಬಂತು.

ಅಂದಾಜಿನ ಕಾಲ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ನಮ್ಮೂರಿನ ಹುಡುಗನೊಬ್ಬ ಭತ್ತ ಮಾರಿದ ದುಡ್ಡಿನಲ್ಲಿ 60 ಲೀಟರಿನ ಬಾಕ್ಸ್ ಕಟ್ಟಿಸಿದ. ಬಡಿಗೇರರು ಪ್ಲೈವುಡ್‌ಗೆ ನಾಲ್ಕು ಇಂಚಿನ ತೂತು ಕೊರೆದರು, ಪೈಪ್ ಹಾಕಲಿಲ್ಲ. ಬೇಸ್ ಬರಲಿಲ್ಲ ಅಂತ ಇವನು ವಾಲ್ಯೂಮ್ ಏರಿಸುತ್ತಾ ಹೋದ. ಜಾತ್ರೆಯ ಎರಡನೇ ರಾತ್ರಿ ಕಾಯಿಲ್ ಸುಟ್ಟಿತು.

ತಪ್ಪು ಎಲ್ಲಾಯಿತು? ಅಂಥ ಬರೀ ತೂತಿನಿಂದ ಬಾಕ್ಸ್ ಸುಮಾರು 65 ಹರ್ಟ್ಸ್‌ಗೆ ಟ್ಯೂನ್ ಆಗುತ್ತದೆ. ಅದಕ್ಕಿಂತ ತೀರ ಕೆಳಗಿನ ಸದ್ದು ಬಂದಾಗ ಒಳಗಿನ ಗಾಳಿ ಕೋನನ್ನು ತಡೆಯುವುದಿಲ್ಲ, ಅದು ಹದ ತಪ್ಪಿ ಹಾರಾಡುತ್ತದೆ. 35 ಹರ್ಟ್ಸ್ ಬೇಕಿದ್ದರೆ ಅದೇ ತೂತಿಗೆ ಸುಮಾರು 25 ಸೆಂ.ಮೀ. ಉದ್ದದ ಪೈಪ್ ಬೇಕಿತ್ತು.

ಲೆಕ್ಕ ಹೀಗಿದೆ. ಪೈಪಿನ ಒಳವ್ಯಾಸವನ್ನು ಸೆಂ.ಮೀ.ನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ 23,562ರಿಂದ ಗುಣಿಸಿ. ಬೇಕಾದ ಹರ್ಟ್ಸನ್ನು ಅದರಿಂದಲೇ ಗುಣಿಸಿ, ಬಾಕ್ಸಿನ ಲೀಟರಿನಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದದ್ದರಲ್ಲಿ ವ್ಯಾಸದ 0.73 ಪಾಲು ಕಳೆದರೆ ಪೈಪಿನ ಉದ್ದ ಸಿಗುತ್ತದೆ. ಲೀಟರ್ ಲೆಕ್ಕದಲ್ಲಿ ಸ್ಪೀಕರ್, ಪೈಪ್, ಒಳಗಿನ ಕಟ್ಟಿಗೆ ಹಿಡಿದ ಜಾಗ ಬಿಟ್ಟುಬಿಡಿ.

ಸಣ್ಣ ಪೈಪ್ ಹಾಕಿದರೆ ಉದ್ದ ಉಳಿಯುತ್ತದಲ್ಲ ಅನ್ನಬಹುದು. ಇದೇ ಬಾಕ್ಸಿಗೆ ಎರಡಿಂಚಿನ ಪೈಪ್ ನಾಲ್ಕೈದು ಸೆಂ.ಮೀ. ಸಾಕು. ಆದರೆ ಅಷ್ಟು ಕಿರಿದಾದ ಬಾಯಲ್ಲಿ ಗಾಳಿ ನುಗ್ಗಿ 'ಫುಸ್ ಫುಸ್' ಅನ್ನುತ್ತದೆ. ಗಾಳಿಯ ವೇಗ ಸೆಕೆಂಡಿಗೆ 17 ಮೀಟರ್ ದಾಟದಿರಲಿ ಎಂಬುದು ಕಟ್ಟುವವರ ರೂಢಿ. ಆರಿಂಚಿನದು ಹಾಕಿದರೆ ಎರಡಡಿ ಉದ್ದ ಬೇಕು, ಬಾಕ್ಸಿನಲ್ಲಿ ಹಿಡಿಯುವುದೇ ಕಷ್ಟ. ಹಾಗಾಗಿ ನಾಲ್ಕಿಂಚೇ ಹದ. ಪೈಪಿನ ಒಳತುದಿಗೂ ಹಿಂದಿನ ಹಲಗೆಗೂ ನಡುವೆ ಕನಿಷ್ಠ ಒಂದು ವ್ಯಾಸದಷ್ಟು ಜಾಗ ಬಿಡಿ.

ಇಷ್ಟೆಲ್ಲ ಯಾಕೆ ಹೇಳಿದೆವೆಂದರೆ, ತೂತು ತಪ್ಪಿದ ಬಾಕ್ಸಿನ ಕೊರತೆಯನ್ನು ನಾವು ವಾಲ್ಯೂಮಿನಿಂದ ತುಂಬುತ್ತೇವೆ. ಅದರ ಪೆಟ್ಟು ಕಾಯಿಲಿಗಷ್ಟೇ ಅಲ್ಲ, ಪಕ್ಕದ ಮನೆಯ ಕೂಸಿಗೂ ಮುದುಕರಿಗೂ ಬೀಳುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಅಳತೆ ಸರಿಯಿದ್ದ ಬಾಕ್ಸ್ ಕಡಿಮೆ ವಾಲ್ಯೂಮಿನಲ್ಲೇ ಎದೆಗೆ ತಾಗುತ್ತದೆ. ಮುಂದಿನ ಸಲ ಬಡಿಗೇರರ ಬಳಿ ಹೋಗುವಾಗ ಪ್ಲೈವುಡ್ ಜತೆಗೆ ಈ ಲೆಕ್ಕದ ಚೀಟಿಯನ್ನೂ ಒಯ್ಯಿರಿ.