ಕೋಇನ್ಸಿಡೆನ್ಸ್

ಇಂಗ್ಲಿಷ್ ನಾಮಪದ. ಒಂದಕ್ಕೊಂದು ಕಾರಣವಲ್ಲದ ಸಂಗತಿಗಳು ಬೆರಗಾಗುವಂತೆ ಕೂಡಿಬರುವುದು ಎಂಬುದು ಇಂದಿನ ರೂಢಿಯ ಅರ್ಥ; ಕನ್ನಡದಲ್ಲಿ ಆಕಸ್ಮಿಕ, ಕಾಕತಾಳೀಯ ಎನ್ನುತ್ತೇವೆ. ‘ಕಾರಣವಿಲ್ಲದೆ’ ಎಂಬ ಭಾಗ ಮಾತ್ರ ಪದದೊಂದಿಗೆ ಹುಟ್ಟಿದ್ದಲ್ಲ, ತಡವಾಗಿ ಬಂದು ಸೇರಿಕೊಂಡದ್ದು.

ಲ್ಯಾಟಿನ್ನಿನಲ್ಲಿ ‘ಕಾಡೆರೆ’ ಎಂದರೆ ಬೀಳು, ‘ಇನ್ಸಿಡೆರೆ’ ಎಂದರೆ ಮೇಲೆ ಬೀಳು. ಅದಕ್ಕೆ ‘ಜೊತೆಯಾಗಿ’ ಎಂಬರ್ಥದ ಪೂರ್ವಪ್ರತ್ಯಯ ಹಚ್ಚಿ ‘ಕೋಇನ್ಸಿಡೆರೆ’ ಎಂದು ಮಾಡಿಕೊಂಡವರು ಮಧ್ಯಯುಗದ ವಿದ್ವಾಂಸರು. 1440ರಲ್ಲಿ ಜರ್ಮನ್ ಚಿಂತಕ ಕೂಸಾದ ನಿಕೊಲಾಸ್, ದೇವರಲ್ಲಿ ವಿರುದ್ಧಗಳೆಲ್ಲ ಒಂದಾಗುತ್ತವೆ ಎಂದು ವಾದಿಸಿದ್ದು ಈ ಮಾತಿನಲ್ಲೇ. ಅಲ್ಲಿ ಆಕಸ್ಮಿಕದ ಸುಳಿವೂ ಇಲ್ಲ. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಅದರ ಅರ್ಥ ತದ್ವತ್ ಹೊಂದಿಕೆ ಎಂದೇ: ಒಂದು ತ್ರಿಕೋನದ ಮೇಲೆ ಇನ್ನೊಂದನ್ನಿಟ್ಟರೆ ಅಂಚಿಗೆ ಅಂಚು ಕೂಡುವಂತೆ. ರೇಖಾಗಣಿತದಲ್ಲಿ ಈ ಬಳಕೆ ಇನ್ನೂ ಉಳಿದಿದೆ. ಘಟನೆಗಳ ಅಚ್ಚರಿಯ ಕೂಡಿಕೆಗೆ ಅದು ಸಂದದ್ದು ಆ ಶತಮಾನದ ಕೊನೆಯ ಹೊತ್ತಿಗೆ.

ಹಾಗೆಂದು ಜನರೆಲ್ಲ ಆಕಸ್ಮಿಕವನ್ನು ಒಪ್ಪಿಕೊಂಡರೆಂದಲ್ಲ. ಅಮೆರಿಕದ ಮಾಜಿ ಅಧ್ಯಕ್ಷರಾದ ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ಒಂದೇ ದಿನ, 1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದಾಗ ತೀರಿಕೊಂಡರು. ಇದು ದೈವಸಂಕಲ್ಪವೆಂದೇ ಅನೇಕರು ನಂಬಿದರು. ಐದು ವರ್ಷದ ನಂತರ ಇನ್ನೊಬ್ಬ ಮಾಜಿ ಅಧ್ಯಕ್ಷ ಜೇಮ್ಸ್ ಮನ್ರೋ ಕೂಡ ಅದೇ ತಾರೀಖಿಗೆ ಹೋದರು!

1952ರಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್, ಕಾರ್ಯಕಾರಣವಿಲ್ಲದಿದ್ದರೂ ಅರ್ಥವುಳ್ಳ ಇಂಥ ಕೂಡಿಕೆಗಳ ಬಗ್ಗೆ ಪ್ರಬಂಧ ಪ್ರಕಟಿಸಿದ. ಅವನ ಪದ ‘ಸಿಂಕ್ರೊನಿಸಿಟಿ’. ಸಂಖ್ಯಾಶಾಸ್ತ್ರಜ್ಞರಿಗೆ ಅದು ರುಚಿಸಲಿಲ್ಲ. ಅವಕಾಶಗಳು ಅಪಾರವಾಗಿದ್ದರೆ ಎಂಥ ವಿಚಿತ್ರವೂ ನಡೆದೀತು ಎಂದು ಪರ್ಸಿ ಡಯಾಕೊನಿಸ್ ಮತ್ತು ಫ್ರೆಡರಿಕ್ ಮಾಸ್ಟೆಲರ್ 1989ರಲ್ಲಿ ಬರೆದರು. ಯಾವುದೇ 23 ಜನ ಸೇರಿದ ಕಡೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚೇ.

ಪ್ರಯೋಗಾಲಯದಲ್ಲಿ ಪದದ ನಡೆ ತಿರುವುಮುರುವು. ಎರಡು ಶೋಧಕಗಳು ಒಂದೇ ಕ್ಷಣದಲ್ಲಿ ಮಿಡಿದರೆ ಎರಡಕ್ಕೂ ಒಂದೇ ಮೂಲವಿದೆಯೆಂದು ಭೌತವಿಜ್ಞಾನಿ ಊಹಿಸುತ್ತಾನೆ. ಈ ‘ಕೋಇನ್ಸಿಡೆನ್ಸ್ ವಿಧಾನ’ಕ್ಕಾಗಿ ವಾಲ್ಟರ್ ಬೋಥೆ 1954ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದ. ಇಂದು ಆಸ್ಪತ್ರೆಗಳ ಪೆಟ್ ಸ್ಕ್ಯಾನ್ ನಡೆಯುವುದೂ ಇದರಿಂದಲೇ: ಎದುರುಬದುರು ದಿಕ್ಕಿಗೆ ಹೊರಟ ಎರಡು ಫೋಟಾನುಗಳು ಒಟ್ಟಿಗೆ ತಲುಪಿದರೆ ಅದನ್ನು ದಾಖಲಿಸುತ್ತಾರೆ. ಸಂಬಂಧವೇ ಇಲ್ಲದ ಎರಡು ಫೋಟಾನುಗಳು ಹಾಗೆ ತಲುಪಿದರೆ ಅದಕ್ಕೆ ‘ರ‍್ಯಾಂಡಮ್’ ಎಂಬ ವಿಶೇಷಣ ಸೇರಿಸಿ ಲೆಕ್ಕದಿಂದ ಕಳೆಯುತ್ತಾರೆ.